ನಾಲ್ಕನೆಯ ಹೆಗಲು

ಸೈಕಲ್ಲಿನವರು ಬರುವ ಮೊದಲು ದಾರಿಯ ಮೇಲೆ ಬಿಳಿ ಬಟ್ಟೆ ಎಳೆಯಬೇಕು. ಇದು ಧನ್ಯಶ್ರೀ ಮಾಡಿದ ನಿಯಮ. ಒಂದು ಮೀಟರ್ ಅಗಲದ ದಪ್ಪ ಬಟ್ಟೆ, ಒಂದು ಅಂಚಿಗೆ ಬಿದಿರಿನ ಕೋಲು, ಕೋಲಿನ ಎರಡು ತುದಿಗೆ ಹಗ್ಗ. ಹಗ್ಗ ಹಿಡಿದು ತರಗೆಲೆಯ ಮೇಲೆ ಬಟ್ಟೆ ಎಳೆಯುತ್ತ ಇಪ್ಪತ್ತು ಹೆಜ್ಜೆ ನಡೆಯುವುದು, ನಿಂತು ಮಗುಚಿ ನೋಡುವುದು, ಮತ್ತೆ ಇಪ್ಪತ್ತು ಹೆಜ್ಜೆ. ಎಲೆಯ ಮೇಲೆ ಕಾದು ಕೂತ, ರಕ್ತ ಹೀರುವ ಉಣುಗುಗಳು ದನವೋ ಮನುಷ್ಯನೋ ಬಂತೆಂದು ಬಟ್ಟೆಗೆ ಹತ್ತಿಕೊಳ್ಳುತ್ತವೆ. ಬಿಳಿಯ ಮೇಲೆ ಕರಿ ಎಳ್ಳು ಉದುರಿದಂತೆ ಕಾಣುತ್ತವೆ. ಎಳ್ಳಿಗೆ ಕಾಲಿಲ್ಲ, ಇವಕ್ಕಿದೆ. ಐದಕ್ಕಿಂತ ಹೆಚ್ಚು ಸಿಕ್ಕಿದರೆ ಆ ದಿನ ಆ ದಾರಿ ಇಲ್ಲ.

ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಕಲಿತ ಕೆಲಸ ಇದು. ಮದುವೆಯಾಗಿ ಕೊಡ್ಲಕೇರಿಗೆ ಬಂದ ಮೇಲೆ ಹೊಟ್ಟೆಪಾಡಿಗೆ ಒದಗಿತು. ಕುಮಟಾದಿಂದ ಯಾಣಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುವ ಇಪ್ಪತ್ತೆರಡು ಮನೆಗಳ ಕೇರಿ ಅದು. ಗಂಡ ಪ್ರಮೋದ ಕುಮಟಾ ಪೇಟೆಯಲ್ಲಿ ಹತ್ತು ವರ್ಷ ಸೈಕಲ್ ರಿಪೇರಿ ಮಾಡಿದವನು. ಹಳೆಯ ಗೇರ್ ಸೈಕಲ್ಲುಗಳನ್ನು ಒಂದೊಂದೇ ತಂದು ಸರಿಮಾಡಿ, ಮನೆಯ ಪಕ್ಕ ಶೆಡ್ ಹಾಕಿ, ಅರಣ್ಯ ಇಲಾಖೆಯ ಅನುಮತಿ ಪಡೆದು, ಹಳೆಯ ಗಾಡಿದಾರಿಯಲ್ಲಿ ಪೇಟೆಯವರನ್ನು ಸೈಕಲ್ ಮೇಲೆ ಕರೆದೊಯ್ಯುತ್ತಿದ್ದ. ಎಂಟು ಕಿಲೋಮೀಟರ್ ಏರಿದರೆ ಒಂದು ಬೋಳುಗುಡ್ಡ. ಅಲ್ಲಿಂದ ಯಾಣದ ಕರಿಬಂಡೆಗಳ ತಲೆ ಕಾಣುತ್ತದೆ. ದಾರಿಯ ಕೆಲಸ ಅವನದು, ಜನರ ಕೆಲಸ ಇವಳದು.

ಜನವರಿಯ ಮೂರನೆಯ ಶನಿವಾರ ಹುಬ್ಬಳ್ಳಿಯಿಂದ ಆರು ಮಂದಿ ಬಂದಿದ್ದರು. ಗುಂಪಿನ ಮುಖ್ಯಸ್ಥ ಅನೂಪ ಅರ್ಧ ಚಡ್ಡಿಯಲ್ಲಿದ್ದ.

"ಚಡ್ಡಿ ಆಗೋದಿಲ್ಲ," ಎಂದಳು ಧನ್ಯಶ್ರೀ. "ಉದ್ದ ಪ್ಯಾಂಟು, ಪ್ಯಾಂಟಿನ ಮೇಲೆ ಕಾಲುಚೀಲ. ಅಂಗಿ ಪ್ಯಾಂಟಿನೊಳಗೆ. ಬಣ್ಣ ತಿಳಿ ಇರಬೇಕು, ಹತ್ತಿದ್ದು ಕಾಣಬೇಕಲ್ಲ. ಈ ಎಣ್ಣೆ ಕೈಗೆ, ಕುತ್ತಿಗೆಗೆ, ಕಾಲಿಗೆ ಹಚ್ಚಿಕೊಳ್ಳಿ. ದಾರಿಯ ನಡುವೆ ಹೋಗಿ, ಅಂಚಿನ ಪೊದೆಗೆ ಉಜ್ಜಬೇಡಿ. ದಣಿವಾದರೆ ಬಂಡೆಯ ಮೇಲೆ ಕೂತುಕೊಳ್ಳಿ. ತರಗೆಲೆಯ ಮೇಲೆ, ಬಿದ್ದ ಮರದ ಮೇಲೆ ಯಾರೂ ಕೂರುವಂತಿಲ್ಲ."

"ಏನ್ರಿ ಮೇಡಂ, ನಾವು ಸೈಕಲ್ ಹೊಡ್ಯಾಕ ಬಂದೀವೋ, ಸಾಲಿ ಕಲ್ಯಾಕ ಬಂದೀವೋ?"

"ಸಾಲೆಯಲ್ಲಿ ನಪಾಸಾದರೆ ಮನೆಗೆ ಕಳಿಸುತ್ತಾರೆ. ಇಲ್ಲಿ ನಪಾಸಾದರೆ ಆಸ್ಪತ್ರೆಗೆ."

ಉಳಿದವರು ನಕ್ಕರು. ಅನೂಪ ಪ್ಯಾಂಟು ತರಲು ಕಾರಿನ ಕಡೆ ಹೋದ.

ಗುಂಪಿನಲ್ಲಿದ್ದ ಸೌಜನ್ಯಾ ಎಂಬ ಹುಡುಗಿ ಎರಡು ವರ್ಷ ಹೊರದೇಶದಲ್ಲಿ ಓದಿ ಬಂದವಳು. "ಅಲ್ಲಿ ನಾವು ಕಾಡಿಗೆ ಹೋದಾಗ ಲೈಮ್ ಕಾಯಿಲೆ ಅಂತ ಹೆದರಿಸೋರು. ಉಣುಗು ಕಚ್ಚಿದ ಜಾಗದ ಸುತ್ತ ಕೆಂಪು ಉಂಗುರ ಬರುತ್ತೆ ಅಂತ. ಇಲ್ಲೂ ಅದೇನಾ?"

"ಇಲ್ಲಿ ಅದಲ್ಲ. ಮಂಗನ ಕಾಯಿಲೆ. ಉಂಗುರ ಗಿಂಗುರ ಬರೋದಿಲ್ಲ. ಮೂರರಿಂದ ಎಂಟು ದಿನ ಸುಮ್ಮನಿರುತ್ತದೆ, ಕೆಲವರಿಗೆ ಹನ್ನೆರಡು. ಆಮೇಲೆ ಒಮ್ಮೆಲೇ ಜ್ವರ, ತಲೆನೋವು, ಕಣ್ಣು ಕೆಂಪು. ಕೆಲವರಿಗೆ ಒಸಡಲ್ಲಿ ರಕ್ತ. ಇದಕ್ಕೇ ಅಂತ ಔಷಧ ಇಲ್ಲ. ಬೇಗ ಆಸ್ಪತ್ರೆಗೆ ಹೋದರೆ ಹೆಚ್ಚಿನವರು ಉಳಿಯುತ್ತಾರೆ."

"ಹೆಚ್ಚಿನವರು," ಎಂದಳು ಸೌಜನ್ಯಾ.

"ಹೌದು."

ಮಧ್ಯಾಹ್ನ ಅವರು ಕೆಸರು, ಬೆವರು, ನಗು ಹೊತ್ತು ಬಂದರು. ಧನ್ಯಶ್ರೀ ಗಂಡಸರಿಗೊಂದು, ಹೆಂಗಸರಿಗೊಂದು ಕೋಣೆ ತೋರಿಸಿ, ಒಬ್ಬರನ್ನೊಬ್ಬರು ನೋಡಿಕೊಳ್ಳಿರೆಂದು ಕಳಿಸಿದಳು. ಮೊಣಕಾಲ ಹಿಂದೆ, ಕಂಕುಳು, ಸೊಂಟದ ಪಟ್ಟಿ, ಕಿವಿಯ ಹಿಂದೆ, ಕೂದಲ ಬುಡ. ಅನೂಪನ ಮೊಣಕಾಲ ಹಿಂದೆ ಒಂದು ಸಿಕ್ಕಿತು. ಆಗಷ್ಟೇ ಹತ್ತಿದ್ದು, ಇನ್ನೂ ಕಚ್ಚಿರಲಿಲ್ಲ. ಅವನ ಮುಖದ ನಗು ಅಲ್ಲಿಗೆ ನಿಂತಿತು. ಬಟ್ಟೆಗಳನ್ನೆಲ್ಲ ಬಿಸಿನೀರಿನ ಹಂಡೆಗೆ ಹಾಕಿಸಿ, ಊಟ ಹಾಕಿ, ಮುಂದಿನ ಶನಿವಾರ ಇನ್ನೂ ಹತ್ತು ಜನರನ್ನು ಕರೆತರುತ್ತೇನೆಂಬ ಅವನ ಮಾತು ಕೇಳಿ ಕಳಿಸಿದಳು.

ಮಂಗಳವಾರ ಅವಳು ಕುಮಟಾಕ್ಕೆ ಹೋದಳು. ಕೇರಿಯ ಆಶಾ ಕಾರ್ಯಕರ್ತೆ ಮಂಗಲಾಗೆ ಅಂದು ಮೀಟಿಂಗ್ ಇತ್ತು. ಉಣುಗು ಹತ್ತದಂತೆ ಹಚ್ಚಲು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯ ಬಾಟಲಿಗಳನ್ನು ಒಬ್ಬಳೇ ಹೊತ್ತು ತರಲಾಗದು, ಬಾ ಎಂದಿದ್ದಳು. ಕಾಡಿನಲ್ಲಿ ಏನಾದರೂ ಸತ್ತು ಬಿದ್ದರೆ "ಮುಟ್ಟಬೇಡಿ" ಎಂದು ಹೇಳುವ ಇಬ್ಬರೂ ಅಂದು ಬೆಳಿಗ್ಗೆಯ ಬಸ್ಸಿಗೆ ಹೋಗಿದ್ದರು.

ನಾಲ್ಕು ಗಂಟೆಗೆ ತಿರುಗಿ ಬಂದಾಗ ಪ್ರಮೋದ ಶೆಡ್ಡಿನಲ್ಲಿ ಕೂತು ಚೈನಿಗೆ ಎಣ್ಣೆ ಬಿಡುತ್ತಿದ್ದ. ಸ್ನಾನ ಮಾಡಿದ್ದ. ಹಣೆಯಲ್ಲಿ ಗಂಧವಿತ್ತು. ಧನ್ಯಶ್ರೀ ಬಾಟಲಿಗಳನ್ನು ಕಪಾಟಿಗೆ ಇಡುತ್ತ ಗೋಡೆ ನೋಡಿದಳು. ಮೊಳೆಗೆ ಬಿದಿರಿನ ಕೋಲು ನೇತಾಡುತ್ತಿತ್ತು. ಹಗ್ಗ ಇತ್ತು. ಹೊಲಿಗೆ ಬಿಚ್ಚಿದ ದಾರ ಇತ್ತು.

"ಬಟ್ಟೆ ಎಲ್ಲಿ?"

"ಎಂತ ಬಟ್ಟೆ?"

"ಎಳೆಯೋ ಬಟ್ಟೆ."

ಪ್ರಮೋದ ಎಣ್ಣೆಯ ಡಬ್ಬಿ ಕೆಳಗಿಟ್ಟ. "ಮಾಸ್ತಿ ಮಾವ ಬೇಕಂದ. ಕೇರಿ ತುಂಬ ಹುಡುಕ್ದ, ಯಾರ ಮನೇಲೂ ಹೊಸ ಬಿಳಿ ಬಟ್ಟೆ ಇರ್ಲಿಲ್ಲ. ಅದು ಬರೀ ಎರಡು ತಿಂಗಳದ್ದು ಅಲ್ವ, ಬಿಸಿನೀರಲ್ಲಿ ತೊಳ್ದಿದ್ದು..."

"ಎಂತಕ್ಕೆ ಬೇಕಂದ?"

ಅವನು ಹೇಳುವುದೇ ಬೇಕಿರಲಿಲ್ಲ. ಬಿಳಿ ಬಟ್ಟೆ, ಸ್ನಾನ, ಗಂಧ. ಇಷ್ಟು ಸೇರಿದರೆ ಕೊಡ್ಲಕೇರಿಯಲ್ಲಿ ಅರ್ಥ ಒಂದೇ.

"ಯಾರು ಸತ್ತಿದ್ದು?"

"ಮನುಷ್ಯರಲ್ಲ. ಗಾಡಿದಾರಿ ಬಾಯಲ್ಲಿ ಮುಸಿಯ ಬಿದ್ದಿತ್ತು. ದೊಡ್ಡದು."

ಮುಸಿಯ ಎಂದರೆ ಕರಿಮೋರೆಯ ದೊಡ್ಡ ಮಂಗ. ಅದು ಮನುಷ್ಯರ ಕಣ್ಣೆದುರು ಸತ್ತರೆ ಹನುಮಂತನೇ ಮನೆಬಾಗಿಲಿಗೆ ಬಂದು ಪ್ರಾಣ ಬಿಟ್ಟಂತೆ. ಬಿಟ್ಟುಬಿಡುವಂತಿಲ್ಲ. ಸ್ನಾನ ಮಾಡಿಸಿ, ಬಿಳಿ ಬಟ್ಟೆ ಹೊದಿಸಿ, ಕುಂಕುಮ ಹೂವು ಇಟ್ಟು, ಚಟ್ಟ ಕಟ್ಟಿ, ನಾಲ್ಕು ಜನ ಹೊತ್ತು ಭಜನೆ ಹೇಳುತ್ತ ಹೋಗಿ ಮಣ್ಣು ಮಾಡಬೇಕು. ಕೇರಿಯ ಹಿರಿಯ ಮಾಸ್ತಿ ಇದನ್ನು ತನ್ನ ಅಪ್ಪನ ಕಾಲದಿಂದ ಮಾಡಿಸಿಕೊಂಡು ಬಂದವನು. ಧನ್ಯಶ್ರೀಗೆ ಗೊತ್ತಿದ್ದದ್ದು ಬೇರೆ. ಮಂಗನ ಮೈ ತಣ್ಣಗಾದಂತೆ ಅದರ ಮೇಲಿನ ಉಣುಗುಗಳು ಇಳಿಯುತ್ತವೆ. ಬಿಸಿ ಮೈ ಎಲ್ಲಿದೆಯೆಂದು ಹುಡುಕುತ್ತವೆ.

"ಹೊತ್ತವರು ಯಾರು?"

"ಮಾಸ್ತಿ ಮಾವ, ನಾಗೇಶ, ಸುಬ್ಬ."

"ನಾಲ್ಕನೆಯವರು?"

ಪ್ರಮೋದ ಚೈನಿನ ಕಡೆ ನೋಡಿದ. "ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ರು ಮಾರಾಯ್ತಿ. ಮೂರು ಹೆಗಲಲ್ಲಿ ಹೊರುಕೆ ಆಗ್ತದ? ನಾ ಇಲ್ಲೇ ಇದ್ದೆ. ಇಲ್ಲ ಹೇಳುಕೆ ಬಾಯಿ ಬರ್ಲಿಲ್ಲ."

"ಅಂಗಿ?"

"ಚಟ್ಟಕ್ಕೆ ಹೆಗಲು ಕೊಡೂವಾಗ ಅಂಗಿ ಯಾರು ಹಾಕ್ತಾರೆ?"

ಧನ್ಯಶ್ರೀ ಕೈಯಲ್ಲಿದ್ದ ಬಾಟಲಿಯನ್ನು ಕಪಾಟಿಗಿಟ್ಟು ಬಾಗಿಲು ಹಾಕಿದಳು. "ಒಳಗೆ ಬನ್ನಿ," ಎಂದಳು. "ಅಂಗಿ ತೆಗೀರಿ."

ಪೇಟೆಯವರಿಗೆ ಹೇಳಿದ ಅನುಕ್ರಮದಲ್ಲೇ ನೋಡಿದಳು. ಮೊಣಕಾಲ ಹಿಂದೆ ಇಲ್ಲ. ಎಡಗಡೆಯ ಕಂಕುಳಲ್ಲಿ ಇಲ್ಲ. ಬಲಗಡೆಯ ಕಂಕುಳ ಮಡಿಕೆಯಲ್ಲಿ ಕೂದಲ ನಡುವೆ ಒಂದಿತ್ತು. ಎಳ್ಳಿಗಿಂತ ಚಿಕ್ಕದು. ಬೆರಳಿಂದ ಸವರಿದಳು, ಅಲುಗಲಿಲ್ಲ. ತಲೆ ಒಳಗೆ ಹೋಗಿತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ನಾಗಮ್ಮ, "ಸುಣ್ಣ ಹಚ್ಚು ತಂಗಿ. ಇಲ್ಲದಿದ್ರೆ ಚಿಮಣಿ ಎಣ್ಣೆ. ತಂತಾನೇ ಬಿಡ್ತದೆ," ಎಂದಳು.

"ಸುಣ್ಣ ಹಚ್ಚಿದರೆ ಸಾಯೋ ಮೊದಲು ಒಳಗಿದ್ದದ್ದನ್ನೆಲ್ಲ ಕಾರ್ತದೆ ಅತ್ತೆ."

ಚಿಮುಟ ತಂದು ಚರ್ಮಕ್ಕೆ ಒತ್ತಿ ಹಿಡಿದು, ತಿರುಚದೆ, ನೇರ ಮೇಲೆಳೆದಳು. ಬಂತು. ಸೋಪಿನಿಂದ ತೊಳೆದು, ಔಷಧ ಹಚ್ಚಿದಳು. ಉಣುಗನ್ನು ಅಂಟುಪಟ್ಟಿಗೆ ಅಂಟಿಸಿ, ಪಟ್ಟಿಯನ್ನು ನೋಟ್‌ಬುಕ್ಕಿನ ಹಾಳೆಗೆ ಅಂಟಿಸಿ, ಕೆಳಗೆ ತಾರೀಖು ಬರೆದಳು. ಅದರ ಕೆಳಗೆ ನಾಲ್ಕು ಹೆಸರು. ಗಂಡನ ಹೆಸರನ್ನು ಕೊನೆಗೆ ಬರೆದಳು.

"ಎಲ್ಲ ಉಣುಗಿನಲ್ಲೂ ಕಾಯಿಲೆ ಇರುದಿಲ್ಲ ಅಂತ ನೀನೇ ಹೇಳ್ತೆ ಅಲ್ವ," ಎಂದ ಪ್ರಮೋದ.

"ಇರೋದಿಲ್ಲ."

"ಮತ್ತೆ?"

"ಮಂಗ ಎಂತದಕ್ಕೆ ಸತ್ತಿತು?"

ಅವನು ಅಂಗಿ ಹಾಕಿಕೊಂಡ.

ಮಂಗಲಾ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದಳು. ಮಾಸ್ತಿ ಅವಳ ಸ್ವಂತ ಮಾವ, ಗಂಡನ ಅಪ್ಪ. ಫೋನ್ ಮಾಡಿ ಬಂದು ಧನ್ಯಶ್ರೀಯ ಜಗಲಿಯಲ್ಲಿ ಕೂತಳು. "ನನ್ ಚೀಲದ ತುಂಬ ಎಣ್ಣೆ, ಕೈ ತುಂಬ ಪಾಂಪ್ಲೆಟ್ಟು. ನಮ್ ಮನೆ ಮುದುಕನೇ ಮಂಗನ್ನ ಮೀಯಿಸಿ ಹೊತ್ಕಂಡು ಹೋದ. ಎಂತ ಹೇಳುದು?"

ಬುಧವಾರ ಇಲಾಖೆಯವರು ಜೀಪಿನಲ್ಲಿ ಬಂದರು. ಮಂಗ ಬಿದ್ದಿದ್ದ ಜಾಗದ ಸುತ್ತ, ಹೊತ್ತೊಯ್ದ ದಾರಿಯುದ್ದಕ್ಕೆ, ಮಣ್ಣು ಮಾಡಿದಲ್ಲಿ ಉಣುಗು ಸಾಯುವ ಬಿಳಿ ಪುಡಿ ಹೊಡೆದರು. ಗಾಡಿದಾರಿಯ ಬಾಯಿಗೆ ಹಗ್ಗ ಕಟ್ಟಿ, ಬೋರ್ಡು ನೇತುಹಾಕಿದರು. ಚಟ್ಟ ಹೋದದ್ದು ಸೈಕಲ್ಲು ಹೋಗುವ ದಾರಿಯಲ್ಲೇ. ಹನುಮಂತನನ್ನು ಕಾಡಿನಿಂದ ಊರಿಗೆ ತಂದು, ಊರಿನಿಂದ ಮತ್ತೆ ಕಾಡಿಗೆ ಒಯ್ದಿದ್ದರು.

ಧನ್ಯಶ್ರೀ ಅನೂಪನಿಗೆ ಫೋನ್ ಮಾಡಿ ಬರಬೇಡಿ ಎಂದಳು.

"ಯಾವಾಗ ಬರ್ಲಿ ಹಂಗಾರ?"

"ಮಳೆ ಬಂದು ಹೋಗಲಿ. ಈ ವರ್ಷದ್ದು ಮುಗೀತು."

ಹತ್ತಿರದಲ್ಲಿದ್ದ ಪ್ರಮೋದ ಕೇಳಿಸಿಕೊಂಡ. ಇನ್ನೂ ನಾಲ್ಕು ತಿಂಗಳ ಕೆಲಸವಿತ್ತು. ಅವನು ಸೈಕಲ್ಲುಗಳ ಸೀಟಿಗೆ ಒಂದೊಂದಾಗಿ ಪ್ಲಾಸ್ಟಿಕ್ ಚೀಲ ಕಟ್ಟಿದ.

ಬೈಗುಳ ಬೇರೆಯವರಿಂದ ಬಂತು. ಅದೇ ಸಂಜೆ ಮಾಸ್ತಿ ಅಂಗಳದವರೆಗೆ ಬಂದು, ಒಳಗೆ ಬರದೆ ನಿಂತ. ಅರವತ್ತೈದರ ಮೇಲಾದರೂ ಗಟ್ಟಿ ಆಳು.

"ಹೋಯ್ ನಾಗಮ್ಮ, ನಿನ್ ಸೊಸೆ ಎಷ್ಟು ಓದಿದ್ದಾಳೆ?"

"ಎಂ.ಎಸ್ಸಿ.," ಎಂದಳು ನಾಗಮ್ಮ.

"ದೇವರ ಮಣ್ಣಿನ ಮೇಲೆ ಪೌಡರ್ ಹೊಡೆಸುದು ಅದರಲ್ಲಿ ಎಷ್ಟನೇ ಪಾಠ?"

ಧನ್ಯಶ್ರೀ ಥರ್ಮಾಮೀಟರ್ ಹಿಡಿದು ಹೊರಗೆ ಬಂದಳು. "ಮಾಸ್ತಿ ಮಾವ, ದಿನಾ ಬೆಳಿಗ್ಗೆ ಒಂದ್ಸಲ ಇದನ್ನು ಬಾಯಲ್ಲಿ ಇಟ್ಕೊಳ್ಳಿ. ಹನ್ನೆರಡು ದಿನ. ಬೈಯೋದಾದರೆ ಇಟ್ಕೊಂಡು ಆದ ಮೇಲೆ ಬೈಯಿರಿ."

"ನನ್ ಬಾಯಲ್ಲಿ ಕವಳ ಇದೆ," ಎಂದು ಮಾಸ್ತಿ ಎಲೆಯಡಿಕೆಯ ರಸ ಉಗುಳಿ ತಿರುಗಿ ನಡೆದ.

ನಾಗೇಶ ಮತ್ತು ಸುಬ್ಬ ಒಪ್ಪಿದರು. ಸುಬ್ಬ ಥರ್ಮಾಮೀಟರನ್ನು ಬೀಡಿಯಂತೆ ತುಟಿಯ ಮೂಲೆಗೆ ಇಟ್ಟುಕೊಂಡು, "ಇದಕ್ಕೆ ಬೆಂಕಿ ಎಲ್ಲಿ ಹಚ್ಚುದು ತಂಗಿ?" ಎಂದು ದಿನವೂ ಕೇಳಿದ. ದಿನವೂ ಅದೇ ಜೋಕು. ದಿನವೂ ಅವಳು ಬರೆದುಕೊಂಡಳು. ಬೆಳಿಗ್ಗೆ ಏಳಕ್ಕೆ ಹೊರಟು, ಎರಡು ಮನೆ ಮುಗಿಸಿ, ಮಾಸ್ತಿಯ ಅಂಗಳದಲ್ಲಿ ನಿಂತು, ಇಲ್ಲ ಎನ್ನಿಸಿಕೊಂಡು, ಮನೆಗೆ ಬಂದು ಕೊನೆಗೆ ಪ್ರಮೋದನದು ನೋಡುತ್ತಿದ್ದಳು. ಮೊದಲಿಗೇ ಯಾಕೆ ನೋಡುವುದಿಲ್ಲವೆಂದು ಅವನು ಕೇಳಿದ್ದ. ಅವನದು ನೋಡಿದ ಮೇಲೆ ಬೇರೆಯವರ ಮನೆಗೆ ಹೋಗಲು ಕಾಲು ಬಾರದೆ ಹೋದರೆ ಎಂಬ ಅನುಮಾನ ಇದ್ದಿರಬೇಕು.

ಮೂರನೆಯ ದಿನ, ನಾಲ್ಕನೆಯ ದಿನ, ಐದನೆಯ ದಿನ. ತೊಂಬತ್ತೆಂಟು, ತೊಂಬತ್ತೆಂಟು ಪಾಯಿಂಟ್ ನಾಲ್ಕು, ತೊಂಬತ್ತೇಳು ಪಾಯಿಂಟ್ ಎಂಟು. ಅವಳು ಅನ್ನಕ್ಕೆ ಅಕ್ಕಿ ಹಾಕಿದಳು, ಬಟ್ಟೆ ಒಗೆದಳು, ಮೀನಿನವಳು ಬಂದರೆ ಬಂಗಡೆ ಕೊಂಡಳು. ಅವನ ತಟ್ಟೆಯಲ್ಲಿ ಅನ್ನ ಎಷ್ಟು ಉಳಿಯಿತೆಂದು ನೋಡಿದಳು. ಅವನು ಕಣ್ಣುಜ್ಜಿದರೆ ನೋಡಿದಳು.

"ನೀ ಹೀಗೆ ನೋಡ್ತಾ ಇದ್ರೆ ನಂಗೆ ಬರೀ ನಿನ್ ಕಣ್ಣಿಂದ್ಲೇ ಜ್ವರ ಬರ್ತದೆ," ಎಂದ ಪ್ರಮೋದ.

ಆರನೆಯ ದಿನ, ಸೋಮವಾರ, ಮಾಸ್ತಿಯ ಅಂಗಳಕ್ಕೆ ಹೋದಾಗ ಇಲ್ಲ ಎನ್ನಲು ಅವನು ಹೊರಗೆ ಬರಲಿಲ್ಲ. ಮಂಗಲಾ ಬಾಗಿಲಲ್ಲಿದ್ದಳು. "ಬೆಳಿಗ್ಗೆ ಎದ್ದೇ ಇಲ್ಲ. ನಾ ಹತ್ರ ಹೋದ್ರೆ ಬೈತಾರೆ. ಸೆಕೆ, ಅಷ್ಟೇ ಅಂತಾರೆ. ಮೈಮೇಲೆ ಎರಡು ಕಂಬಳಿ."

ಧನ್ಯಶ್ರೀ ಒಳಗೆ ಹೋದಳು. ಮಾಸ್ತಿ ಗೋಡೆಯ ಕಡೆ ಮುಖ ಮಾಡಿದ್ದ. ಬಾಯಲ್ಲಿ ಕವಳ ಇರಲಿಲ್ಲ.

"ಮಾವ, ಬಾಯಿ ತೆಗೀರಿ."

ಅವನು ತೆಗೆದ. ನೂರ ಮೂರು ಪಾಯಿಂಟ್ ಆರು. ಕಣ್ಣು ಕೇಪಳೆ ಹಣ್ಣಿನ ಹಾಗೆ ಕೆಂಪಗಿತ್ತು.

"ಸೆಕೆ," ಎಂದ ಮಾಸ್ತಿ.

"ಹೌದು. ಕುಮಟಾದಲ್ಲಿ ಫ್ಯಾನ್ ಇದೆ, ಹೋಗುವ."

ಅವನ ಹೆಂಡತಿ ಅಳಲು ಶುರುಮಾಡಿ, ದೂರ ನಿಂತಳು. ಮುಟ್ಟಿದರೆ ಹತ್ತುತ್ತದೆಂದು ಯಾರೋ ಹೇಳಿದ್ದರು. "ಮೈ ಮುಟ್ಟಿದ್ರೆ ಬರುದಲ್ಲ ಅತ್ತೆ, ಉಣುಗು ಕಚ್ಚಿದ್ರೆ ಮಾತ್ರ," ಎಂದು ಮಂಗಲಾ ಹೇಳಿ, ತಾನೇ ಮಾವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಇನ್ನೊಂದು ಬದಿಗೆ ಕೈ ಕೊಡಲು ಪ್ರಮೋದ ಬಂದ. ಆಂಬುಲೆನ್ಸಿನವರೆಗೆ ಮಾಸ್ತಿ ಅವನ ಹೆಗಲ ಮೇಲೆ ಭಾರ ಹಾಕಿ ನಡೆದ. ಹತ್ತುವಾಗ, "ತಮಾ, ನಿಂಗೆ ಎಂತ ಇಲ್ಲ ಅಲ್ವ?" ಎಂದು ಕೇಳಿದ.

"ಎಂತ ಇಲ್ಲ ಮಾವ."

"ನಾನೇ ಕರ್ದಿದ್ದೆ ನಿನ್ನ."

ಕುಮಟಾದಲ್ಲಿ ರಕ್ತ ತೆಗೆದರು, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಎರಡು ದಿನ ಬಿಟ್ಟು ಮಂಗಲಾ ಅಲ್ಲಿಂದ ಫೋನ್ ಮಾಡಿದಳು. ಮಂಗನ ಕಾಯಿಲೆಯೇ. ಒಸಡಿನಿಂದ ರಕ್ತ ಬರುತ್ತಿದೆ. ಪ್ಲೇಟ್‌ಲೆಟ್ ಇಳಿದಿದೆ. ಬೇಗ ತಂದದ್ದು ಒಳ್ಳೆಯದಾಯಿತು ಎಂದರಂತೆ ಡಾಕ್ಟರು.

ಅದು ಎಂಟನೆಯ ದಿನ. ಅಂದು ಮಧ್ಯಾಹ್ನ ಪ್ರಮೋದ ಊಟ ಬಿಟ್ಟು ಎದ್ದು, ತಲೆ ನೋಯುತ್ತದೆ ಎಂದು ಮಲಗಿದ. ಧನ್ಯಶ್ರೀ ಥರ್ಮಾಮೀಟರ್ ಇಟ್ಟಳು. ತೊಂಬತ್ತೊಂಬತ್ತು. ಅರ್ಧ ಗಂಟೆ ಬಿಟ್ಟು ಇಟ್ಟಳು. ತೊಂಬತ್ತೊಂಬತ್ತು ಪಾಯಿಂಟ್ ಎರಡು. ಚೀಲಕ್ಕೆ ಎರಡು ಅಂಗಿ, ಟವೆಲು, ಆಧಾರ್ ಕಾರ್ಡು ಹಾಕಿದಳು. ಚೀಲವನ್ನು ಬಾಗಿಲ ಹತ್ತಿರ ಇಟ್ಟು ಪಕ್ಕದಲ್ಲಿ ಕೂತಳು. ನಾಗಮ್ಮ ಬಂದು ಚೀಲದ ಆಚೆ ಬದಿಗೆ ಕೂತಳು.

ನಾಲ್ಕೂವರೆಗೆ ತೊಂಬತ್ತೆಂಟು ಪಾಯಿಂಟ್ ಆರು. ಪ್ರಮೋದ ಎದ್ದು ಚಹಾ ಕೇಳಿದ. ಬೆಳಿಗ್ಗೆಯಿಂದ ಬಿಸಿಲಲ್ಲಿ ಶೆಡ್ಡಿನ ಮೇಲೆ ಹತ್ತಿ ತಗಡು ಬಿಗಿಯುತ್ತಿದ್ದ. ಚೀಲವನ್ನು ಅವಳು ಬಿಚ್ಚಲಿಲ್ಲ, ಅಲ್ಲೇ ಇತ್ತು.

ಹನ್ನೊಂದನೆಯ ದಿನ, ಶನಿವಾರ ಬೆಳಿಗ್ಗೆ, ಇನ್ನೊಂದು ಮುಸಿಯ ಬಿತ್ತು. ಈ ಸಲ ಹಗ್ಗದ ಆಚೆ, ಬೋರ್ಡಿನಿಂದ ಹತ್ತು ಮಾರು ದೂರ. ಸುಬ್ಬ ನೋಡಿದವನು ಹತ್ತಿರ ಹೋಗದೆ ಓಡಿ ಬಂದು ಧನ್ಯಶ್ರೀಗೆ ಹೇಳಿದ. ಅವಳು ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದಳು. ಬಂದು ಸುಡುತ್ತೇವೆ, ಯಾರೂ ಮುಟ್ಟಬೇಡಿ ಎಂದರು.

ಆದರೆ ಶನಿವಾರ. ಹನುಮಂತನ ವಾರ. ಕೇರಿಯ ಜನ ಹಗ್ಗದ ಈಚೆ ಬಂದು ನಿಂತಿದ್ದರು. ಯಾರೂ ಹಗ್ಗ ದಾಟಲಿಲ್ಲ, ಯಾರೂ ಮನೆಗೆ ಹೋಗಲೂ ಇಲ್ಲ. ನಾಗೇಶನ ಕೈಯಲ್ಲಿ ಎರಡು ಬಿದಿರು ಇತ್ತು. "ಅವರು ಬಂದು ಸೀಮೆಎಣ್ಣೆ ಹೊಯ್ದು ಕಸದ ಹಾಗೆ ಸುಟ್ಟು ಹೋಗ್ತಾರೆ," ಎಂದ. "ನಾವು ನೋಡ್ತಾ ನಿಲ್ಲುದ? ಎಣ್ಣೆ ಹಚ್ಕಂಡು ಹೊರುವ. ಅಂಗಿ ಹಾಕ್ಕಂಡೇ ಹೊರುವ."

"ಮಾಸ್ತಿಯಣ್ಣನ್ನ ಕೇಳಿ," ಎಂದರು ಯಾರೋ.

ಫೋನ್ ಹಚ್ಚಿದರು; ಆಸ್ಪತ್ರೆಯಲ್ಲಿದ್ದ ಮಂಗಲಾ ಅದನ್ನು ಮಾವನ ಕೈಗೆ ಕೊಟ್ಟಳು. ಸ್ಪೀಕರಿನಲ್ಲಿ ಮಾಸ್ತಿಯ ದನಿ ಸಣ್ಣಗೆ ಬಂತು. ರಕ್ತ ನಿಂತು ಎರಡು ದಿನವಾಗಿತ್ತು. ಎಲ್ಲ ಕೇಳಿಸಿಕೊಂಡ.

"ಹೊರುಕೆ ಹೇಳುಕೆ ನಂಗೆ ಆಗುದಿಲ್ಲ," ಎಂದ. "ಬಿಡುಕೆ ಹೇಳುಕೂ ಆಗುದಿಲ್ಲ. ಎಂತ ಮಾಡ್ತ್ರಿ, ನೀವೇ ಮಾಡಿ."

ಜನ ಪ್ರಮೋದನ ಕಡೆ ನೋಡಿದರು. ನಾಗೇಶ, ಸುಬ್ಬ ಇದ್ದರು. ಮಾಸ್ತಿಯ ಜಾಗಕ್ಕೆ ಇನ್ನೊಬ್ಬ ಸಿಗುತ್ತಿದ್ದ. ನಾಲ್ಕನೆಯವನು ಕಳೆದ ಸಲದವನೇ ಆದರೆ ಒಳ್ಳೆಯದು ಎಂಬುದು ಎಲ್ಲರ ಮುಖದಲ್ಲಿತ್ತು. ಪ್ರಮೋದ ಧನ್ಯಶ್ರೀಯ ಕಡೆ ನೋಡಿದ. ಬೇಡ ಎಂದು ಅವಳು ಜನರೆದುರು ಹೇಳಿದರೆ ಅವನು ಹೆಂಡತಿಯ ಮಾತಿಗೆ ದೇವರನ್ನು ಬಿಟ್ಟವನಾಗುತ್ತಿದ್ದ. ಹೇಳದಿದ್ದರೆ ಹೊರುತ್ತಿದ್ದ. ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ನಾಗಮ್ಮ ಮುಂದೆ ಬಂದಳು. ಕೈಯಲ್ಲಿ ಬತ್ತದ ಹುಲ್ಲಿನ ಕಟ್ಟು ಇತ್ತು. ಮನೆಯ ಅಟ್ಟದಿಂದ ತಂದಿದ್ದಳು.

"ನಾಗೇಶ, ಬಿದಿರು ಕೆಳಗಿಡು. ಒಂದು ಕಾಯಿ ತಾ," ಎಂದಳು. "ನನ್ ಗಂಡ ಹೊನ್ನಾವರದಿಂದ ಬೋಟಿಗೆ ಹೋದವ ಬಂದ್ನಾ?"

ಇಪ್ಪತ್ತು ವರ್ಷದ ಹಿಂದಿನ ಮಾತು. ಮುಳುಗಿದ ಬೋಟಿನ ಹಲಗೆ ಸಿಕ್ಕಿತ್ತು, ಜನ ಸಿಕ್ಕಿರಲಿಲ್ಲ.

"ಹೆಣ ಸಿಗ್ಲಿಲ್ಲ ಹೇಳಿ ನೀವು ನನ್ ಗಂಡನ್ನ ಹಾಗೇ ಬಿಟ್ರಾ? ಹುಲ್ಲಿನ ಗೊಂಬೆ ಮಾಡಿ, ಕಾಯಿ ತಲೆ ಇಟ್ಟು, ನಾಲ್ಕು ಜನ ಹೊತ್ರಿ. ಮಾಸ್ತಿಯಣ್ಣನೇ ಮುಂದಿನ ಹೆಗಲು ಕೊಟ್ಟಿದ್ದ. ಅದು ನನ್ ಗಂಡಂಗೆ ಮುಟ್ಟಿತು ಹೇಳಿ ಎಲ್ಲ ಹೇಳಿದ್ರಿ. ನಾನೂ ನಂಬಿದೆ. ಮನುಷ್ಯಂಗೆ ಮುಟ್ಟಿದ್ದು ಹನುಮಪ್ಪಂಗೆ ಮುಟ್ಟುದಿಲ್ವ?"

ನಾಗೇಶ ಬಿದಿರು ಕೆಳಗಿಟ್ಟ. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಎತ್ತಿ ಚಟ್ಟ ಕಟ್ಟಲು ಕೂತ. ನಾಗಮ್ಮ ಹುಲ್ಲು ಹೆಣೆದಳು. ಬಾಲಕ್ಕೆ ಉದ್ದ ಹುಲ್ಲು ಬಿಟ್ಟಳು. ಮಗುವೊಂದು ಬಾಲ ನೋಡಿ ನಕ್ಕಿತು. ಕಾಯಿಗೆ ಕಣ್ಣಿನ ಜಾಗದಲ್ಲಿ ಕುಂಕುಮ ಇಟ್ಟರು.

"ಬಟ್ಟೆ?" ಎಂದಳು ನಾಗಮ್ಮ.

ಧನ್ಯಶ್ರೀ ಮನೆಗೆ ಹೋದಳು. ಕಳೆದ ವಾರ ಕುಮಟಾದಿಂದ ಎರಡು ಮೀಟರ್ ಬಿಳಿ ಬಟ್ಟೆ ತಂದಿದ್ದಳು, ಇನ್ನೂ ಕೋಲಿಗೆ ಹೊಲಿದಿರಲಿಲ್ಲ. ನಡುವೆ ಹರಿದು ಎರಡು ಮಾಡಿದಳು. ಒಂದನ್ನು ತಂದು ಕೊಡುವ ಮೊದಲು ಹುಲ್ಲಿನ ಗೊಂಬೆಯ ಮೇಲೆ, ಚಟ್ಟದ ಬಿದಿರಿನ ಮೇಲೆ ನಿಧಾನ ಎಳೆದು, ಮಗುಚಿ, ಬಿಸಿಲಿಗೆ ಹಿಡಿದು ನೋಡಿದಳು. ಜನ ಕಾದರು. ಬಟ್ಟೆಯ ಮೇಲೆ ಎರಡು ಹುಲ್ಲಿನ ಚೂರು ಬಿಟ್ಟರೆ ಏನೂ ಇರಲಿಲ್ಲ. ಅವಳು ಅದನ್ನು ಅತ್ತೆಯ ಕೈಗೆ ಕೊಟ್ಟಳು. ಗೊಂಬೆಗೆ ಹೊದಿಸಿದರು.

"ಎತ್ತಿ," ಎಂದಳು.

ಪ್ರಮೋದ ಅಂಗಿ ಬಿಚ್ಚಲು ಗುಂಡಿಗೆ ಕೈ ಹಾಕಿದವನು, ಹೆಂಡತಿಯ ಮುಖ ನೋಡಿ, ಗುಂಡಿಯನ್ನು ಹಾಗೆಯೇ ಬಿಟ್ಟ. ನಾಲ್ಕನೆಯ ಹೆಗಲು ಕೊಟ್ಟ. ಚಟ್ಟ ಗಾಡಿದಾರಿಗೆ ಹೋಗಲಿಲ್ಲ, ಡಾಂಬರು ರಸ್ತೆಯ ಮೇಲೆ ಹಳ್ಳದವರೆಗೆ ಹೋಯಿತು. ಹುಲ್ಲಿನ ಹೆಣಕ್ಕೆ ನಾಲ್ಕು ಆಳು ಬೇಕಿರಲಿಲ್ಲ, ಒಬ್ಬ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಿತ್ತು. ಆದರೂ ನಾಲ್ವರೂ ಭಾರ ಹೊತ್ತವರಂತೆ ನಡೆದರು. ಇಲಾಖೆಯವರ ಜೀಪು ಎದುರಿಗೆ ಬಂದು, ಬದಿಗೆ ನಿಂತು, ದಾರಿ ಬಿಟ್ಟಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಧನ್ಯಶ್ರೀ ಮೊದಲು ಸುಬ್ಬನ ಮನೆಗೆ ಹೋದಳು, ಆಮೇಲೆ ನಾಗೇಶನ ಮನೆಗೆ. ಮಾಸ್ತಿಯ ಅಂಗಳದ ಮುಂದೆ ಅಭ್ಯಾಸಬಲದಿಂದ ನಿಂತು, ಮುಂದೆ ಬಂದಳು. ಮನೆಯಲ್ಲಿ ಪ್ರಮೋದ ಜಗಲಿಯ ಮೇಲೆ ಬಾಯಿ ತೆರೆದು ಕೂತಿದ್ದ. ಥರ್ಮಾಮೀಟರ್ ಕೂಗುವವರೆಗೆ ಅವಳು ಅಂಗಳದ ಕಡೆ ನೋಡಿದಳು. ತೆಗೆದು ಓದಿದಳು. ತೊಂಬತ್ತೆಂಟು ಪಾಯಿಂಟ್ ಎರಡು. ಮತ್ತೆ ಇಟ್ಟಳು. ಅದೇ.

ನೋಟ್‌ಬುಕ್ಕಿನಲ್ಲಿ ಬರೆದಳು. ಮೇಲೆ ಅಂಟುಪಟ್ಟಿಯೊಳಗೆ ಉಣುಗು ಒಣಗಿ ಹೊಟ್ಟಾಗಿತ್ತು. ಪುಸ್ತಕ ಮುಚ್ಚಿ, ಬಾಗಿಲ ಹತ್ತಿರದ ಚೀಲದಿಂದ ಎರಡು ಅಂಗಿ, ಟವೆಲು ತೆಗೆದಳು. ಟವೆಲು ಜಾರಿ ಬಿತ್ತು. ಬಾಗಿ ಎತ್ತಲು ಹೋದವಳು ಅಲ್ಲೇ ಕೂತಳು.

ನಾಗಮ್ಮ ಒಳಗಿನಿಂದ ಬಂದಳು. "ಎಂತ ಆತು?"

"ಎಂತದೂ ಆಗ್ಲಿಲ್ಲ ಅತ್ತೆ."

ನಾಗಮ್ಮ ಮಗನ ಕಡೆ ನೋಡಿದಳು, ಸೊಸೆಯ ಕಡೆ ನೋಡಿದಳು. ಟವೆಲು ಎತ್ತಿ ಕೊಡವಿ, ಮಡಚಿ, ಅವಳ ಮಡಿಲಲ್ಲಿಟ್ಟಳು.

"ನಾನೂ ಹನ್ನೆರಡು ದಿನ ಎಣಿಸಿದ್ದೆ, ಬೋಟು ಬತ್ತದೆ ಹೇಳಿ," ಎಂದಳು. "ಏಳು ತಂಗಿ. ಚಾ ಆರ್ತದೆ."